ಒಂದು ನಿವೇಶನ, ಎರಡು ಬೆಲೆ: ಇದು ಯಾವ ಅನೇಕಾಂತ?

ಇತ್ತೀಚೆಗೆ ಒಂದು ವಿವಾಹ ಸಮಾರಂಭದಲ್ಲಿ ನಮ್ಮ ಸಮಾಜದ ಹಿರಿಯರೊಬ್ಬರು ತಾವು ಕೊಂಡ ನಿವೇಶನದ ವೃತ್ತಾಂತವನ್ನು ಸಂಭ್ರಮದಿಂದ ಹೇಳುತ್ತಿದ್ದರು. ಆಡಿದ ಬೆಲೆ 1 ಕೋಟಿ ರೂಪಾಯಿ; ಕ್ರಯಪತ್ರದಲ್ಲಿ ಬರೆಸಿದ್ದು 60 ಲಕ್ಷ; ಉಳಿದ 40 ಲಕ್ಷ 'ಕೈಯಲ್ಲಿ'. ಕೇಳುತ್ತಿದ್ದ ತರುಣನೊಬ್ಬ, "ಅದು ಸುಳ್ಳು ಬರೆಸಿದಂತಾಗಲಿಲ್ಲವೇ ಮಾವ?" ಎಂದ. ಹಿರಿಯರು ನಕ್ಕು, "ಅನೇಕಾಂತ ಓದಿದ್ದೀಯಲ್ಲ! ಒಂದೇ ವಸ್ತುವನ್ನು ಸರಕಾರ ಒಂದು ದೃಷ್ಟಿಯಿಂದ ನೋಡುತ್ತದೆ, ನಾವು ಇನ್ನೊಂದು ದೃಷ್ಟಿಯಿಂದ ನೋಡುತ್ತೇವೆ. ಎರಡನ್ನೂ ಹೊಂದಿಸಿಕೊಂಡು ಹೋಗುವುದೇ ಸಂಸಾರ" ಎಂದರು. ಸುತ್ತ ಕುಳಿತವರೆಲ್ಲ ನಕ್ಕರು. ನಾನೂ ನಕ್ಕೆನೆಂಬುದನ್ನು ಮರೆಮಾಚಲಾರೆ. ಮನೆಗೆ ಬಂದ ಮೇಲೆ ಆ ನಗು ಗಂಟಲಲ್ಲಿ ಸಿಕ್ಕಿಕೊಂಡಿತು.

ಅನೇಕಾಂತವೆಂದರೆ ಒಂದು ವಸ್ತುವಿನಲ್ಲಿ ಅನಂತ ಧರ್ಮಗಳಿರುವುದರಿಂದ ಯಾವುದೊಂದು ನೋಟವನ್ನೂ ಪೂರ್ಣವೆಂದು ಹಠ ಹಿಡಿಯಬಾರದೆಂಬ ಜ್ಞಾನದ ವಿನಯ. ಅದು ನಮ್ಮ ಅರಿವಿನ ಮಿತಿಯನ್ನು ಹೇಳುವ ಮಾತೇ ಹೊರತು ನಮ್ಮ ಸುಳ್ಳಿಗೆ ಕೊಟ್ಟ ಪರವಾನಗಿಯಲ್ಲ. ನಿವೇಶನದ ಬೆಲೆ 1 ಕೋಟಿಯೆಂದು ಕೊಟ್ಟವನಿಗೂ ಗೊತ್ತು, ತೆಗೆದುಕೊಂಡವನಿಗೂ ಗೊತ್ತು. ಅಲ್ಲಿ ಎರಡು ದೃಷ್ಟಿಗಳಿಲ್ಲ. ಒಂದು ದೃಷ್ಟಿಯಿದೆ, ಅದನ್ನು ಮುಚ್ಚಿದ ಒಂದು ಕಾಗದವಿದೆ. ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಗೃಹಸ್ಥನ ಸತ್ಯವ್ರತಕ್ಕೆ ಹೇಳಿದ ಅತಿಚಾರಗಳಲ್ಲಿ 'ಕೂಟಲೇಖಕ್ರಿಯೆ'ಯೂ ಒಂದು. ಸುಳ್ಳು ದಸ್ತಾವೇಜನ್ನು ಬರೆಯುವುದು ಎಂದು ಅದರ ಅರ್ಥ. ಉಪನೋಂದಣಾಧಿಕಾರಿಗಳ ಕಚೇರಿಯೆಂಬುದು ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಹಿಂದೆಯೇ ಆ ಮಹನೀಯರು ನಮ್ಮನ್ನು ಚೆನ್ನಾಗಿ ಬಲ್ಲವರಾಗಿದ್ದರೆಂದು ತೋರುತ್ತದೆ.

ನನ್ನ ಆಕ್ಷೇಪಣೆ ಚೌಕಾಸಿಯ ಮೇಲಲ್ಲ; ಇದನ್ನು ಮೊದಲೇ ಸ್ಪಷ್ಟಪಡಿಸಬೇಕು. ವಾಣಿಜ್ಯವನ್ನು ವೃತ್ತಿಯಾಗಿ ಆಚರಿಸಿಕೊಂಡು ಬಂದ ಸಮಾಜ ನಮ್ಮದು. ಕೊಳ್ಳುವವನು ಕಡಿಮೆ ಕೇಳುವುದು, ಮಾರುವವನು ಹೆಚ್ಚು ಹೇಳುವುದು, ನಡುವೆ ಎಲ್ಲಿಯೋ ಇಬ್ಬರೂ ನಿಲ್ಲುವುದು ಪಾಪವೇನೂ ಅಲ್ಲ. ಘಾಟಿ ಸುಬ್ರಹ್ಮಣ್ಯದಂಥ ದನಗಳ ಜಾತ್ರೆಯಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಆಡುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೀರಿ. ಅಲ್ಲಿಯೂ ಗುಟ್ಟಿದೆ. ಆದರೆ ಟವೆಲಿನ ಕೆಳಗಿರುವ ಎರಡು ಕೈಗಳೂ ಒಂದೇ ಬೆಲೆಯನ್ನು ಬಲ್ಲವು; ಸುತ್ತ ನಿಂತವರಿಗೆ ಅದು ತಿಳಿಯದಿದ್ದರೆ ಅವರಿಗೇನೂ ನಷ್ಟವಿಲ್ಲ. ಭೂಮಿಯ ವ್ಯವಹಾರದಲ್ಲಿಯೂ ಗಡುವನ್ನು ಎರಡು ತಿಂಗಳು ಮುಂದೂಡುವುದು, ನಿಂತ ಬೆಳೆಯ ಕೊಯ್ಲಾಗುವವರೆಗೆ ಮಾರಿದವನನ್ನು ಅಲ್ಲಿಯೇ ಇರಗೊಡುವುದು, ಬಾವಿಯ ನೀರಿಗೆ ನೆರೆಯವನ ಹಕ್ಕನ್ನು ಉಳಿಸುವುದು, ಎರಡು ಮಾತಿನ ನಡುವಣ ಬೆಲೆಗೆ ಒಪ್ಪುವುದು, ಇವೆಲ್ಲ ನಿಜವಾದ ಹೊಂದಾಣಿಕೆಗಳು. ಇವುಗಳಲ್ಲಿ ಬಿಟ್ಟುಕೊಡುವವನು ತನ್ನದನ್ನು ಬಿಟ್ಟುಕೊಡುತ್ತಾನೆ.

ಈಗ ನಾವು ಹೊಂದಾಣಿಕೆಯೆಂದು ಕರೆಯುತ್ತಿರುವುದು ಬೇರೆಯದೇ ಒಂದು ವಸ್ತು. ಜಮಖಾನೆಯ ಮೇಲೆ ಇಬ್ಬರು ಕುಳಿತು, ಅಲ್ಲಿ ಕುಳಿತಿಲ್ಲದ ಮೂರನೆಯವನ ಸ್ವತ್ತನ್ನು ಪರಸ್ಪರ ಬಿಟ್ಟುಕೊಡುವುದು ಅದರ ರೀತಿ. ಆ ಮೂರನೆಯವನು ಯಾರು ಎಂಬ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ.

'ಸರಕಾರ' ಎಂದು ನೀವು ಥಟ್ಟನೆ ಉತ್ತರ ಕೊಡಬಹುದು. ಸರಕಾರವನ್ನು ವಂಚಿಸಿದರೆ ಯಾರನ್ನೂ ವಂಚಿಸಿದಂತಲ್ಲ ಎಂಬ ಸಮಾಧಾನವೂ ಆ ಉತ್ತರದ ಬೆನ್ನಿಗೇ ಬರುತ್ತದೆ. ಲೆಕ್ಕವನ್ನೇ ನೋಡೋಣ. ಕರ್ನಾಟಕದಲ್ಲಿ ಇಂಥ ಕ್ರಯಕ್ಕೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಉಪಕರಗಳು, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದೆ. ಎಲ್ಲ ಸೇರಿದರೆ ಶೇ. ಏಳೂವರೆಯ ಆಚೀಚೆ. ಮುಚ್ಚಿಟ್ಟ 40 ಲಕ್ಷದ ಮೇಲೆ ಕೊಂಡವರು ಉಳಿಸಿದ್ದು ಸುಮಾರು 3 ಲಕ್ಷ. 2024ರ ಜುಲೈ 23ರಿಂದ ಬಂದಿರುವ ಶೇ. 12.5ರ ದೀರ್ಘಾವಧಿ ಬಂಡವಾಳ ಲಾಭದ ದರದಲ್ಲಿ ಮಾರಿದವರು ಉಳಿಸಿದ್ದು 5 ಲಕ್ಷ. ಆದರೆ ಕೊಂಡವರ ಪಾಲಿಗೆ ಕಾಗದದ ಪ್ರಕಾರ ಆ ನಿವೇಶನದ ಬೆಲೆ ಇನ್ನು ಎಂದೆಂದಿಗೂ 60 ಲಕ್ಷವೇ. ನಾಳೆ ಅವರು ಪೂರ್ಣ ಬೆಲೆಗೆ ಪ್ರಾಮಾಣಿಕವಾಗಿ ಮಾರಹೊರಟರೆ, ತಾವು ನಿಜವಾಗಿ ತೆತ್ತ 40 ಲಕ್ಷವೂ ಲಾಭವೆಂದೇ ಎಣಿಕೆಯಾಗಿ ಅದರ ಮೇಲೆ 5 ಲಕ್ಷ ತೆರಿಗೆ ತೆರಬೇಕು. 3 ಲಕ್ಷ ಉಳಿಸಹೋಗಿ 5 ಲಕ್ಷದ ಗುಂಡಿಗೆ ಬಿದ್ದಂತಾಯಿತು. ಅದರಿಂದ ಪಾರಾಗಬೇಕಾದರೆ ಮುಂದಿನ ಗಿರಾಕಿಯಿಂದಲೂ ಸುಳ್ಳನ್ನೇ ಬರೆಸಬೇಕು. ಹೀಗೆ ಮೊದಲ ಸುಳ್ಳು ಎರಡನೆಯ ಸುಳ್ಳಿಗೆ ಕೊಟ್ಟ ಮುಂಗಡ ಹಣವಾಗುತ್ತದೆ. ಜಾಣತನವೆಂದು ಮದುವೆಯ ಮನೆಯಲ್ಲಿ ಹೇಳಿಕೊಳ್ಳುವಂಥದು ಇದರಲ್ಲಿ ಏನಿದೆಯೋ ನನಗೆ ತಿಳಿಯದು.

ಮೂರನೆಯವನು ಸರಕಾರ ಮಾತ್ರವೂ ಅಲ್ಲ. 2014ರ ಜನವರಿ 1ರಿಂದ ಜಾರಿಗೆ ಬಂದ 2013ರ ಭೂಸ್ವಾಧೀನ ಕಾಯಿದೆಯ ಪ್ರಕಾರ, ಸ್ವಾಧೀನವಾಗುವ ಜಮೀನಿನ ಮಾರುಕಟ್ಟೆ ಬೆಲೆಯನ್ನು ಕಟ್ಟುವಾಗ ನೋಡುವ ಆಧಾರಗಳಲ್ಲಿ ಮುದ್ರಾಂಕದ ಮಾರ್ಗಸೂಚಿ ಬೆಲೆ ಒಂದು. ಹಿಂದಿನ ಮೂರು ವರ್ಷಗಳಲ್ಲಿ ಆ ಸುತ್ತಿನಲ್ಲಿ ನೋಂದಣಿಯಾದ ಕ್ರಯಪತ್ರಗಳ ಸರಾಸರಿ ಇನ್ನೊಂದು. ಅಂದರೆ ನಮ್ಮಂಥವರು ಊರಿನ ಅಂಚಿನ ಜಮೀನುಗಳನ್ನು ಹೂಡಿಕೆಗೆಂದು ಕೊಂಡು ಅರ್ಧ ಬೆಲೆ ಬರೆಸಿದಾಗ, ಅದೇ ಗ್ರಾಮದಲ್ಲಿ ಎಂದೂ ಜಮೀನು ಮಾರದ, ಮಾರುವ ಮನಸ್ಸೂ ಇಲ್ಲದ ಒಬ್ಬ ರೈತನ ಹೊಲದ ಮೇಲೆ ನಾಳೆ ಹೆದ್ದಾರಿ ಬಂದರೆ ಆತನ ಪರಿಹಾರವನ್ನು ನಾವು ಇಂದೇ ಕಡಿತ ಮಾಡಿರುತ್ತೇವೆ. ಆತ ಕಚೇರಿಯಿಂದ ಕಚೇರಿಗೆ ಅಲೆದು, "ಇಲ್ಲಿ ಗುಂಟೆಗೆ ಇಷ್ಟು ನಡೆಯುತ್ತಿದೆ ಸ್ವಾಮಿ" ಎಂದು ಗೋಗರೆದರೆ ಅಧಿಕಾರಿ ನಮ್ಮ ಕ್ರಯಪತ್ರವನ್ನೇ ತೆಗೆದು ತೋರಿಸುತ್ತಾನೆ. ಆತನ ಮುಖವನ್ನು ನಾವು ನೋಡಿಲ್ಲ. ಆದರೂ ನಮ್ಮ 'ಹೊಂದಾಣಿಕೆ'ಗೆ ಬೆಲೆ ತೆತ್ತವನು ಆತನೇ. ಒಂದು ಇರುವೆಯನ್ನು ತುಳಿಯದಂತೆ ನೋಡಿ ನಡೆಯುವ ನಾವು ಇವನನ್ನು ಹೇಗೆ ತುಳಿದೆವು?

ಮಾರ್ಗಸೂಚಿ ಬೆಲೆಗೇ ಬರೆಸಿದ್ದೇವೆ, ಅದಕ್ಕಿಂತ ಕಡಿಮೆಗೆ ಬರೆಸಿಲ್ಲ, ಹೀಗಿರಲು ತಪ್ಪೇನು ಎಂದು ಕೆಲವರು ವಾದಿಸುವುದುಂಟು. ಮಾರ್ಗಸೂಚಿ ಬೆಲೆಯು ಇದಕ್ಕಿಂತ ಕೆಳಗಿಳಿದರೆ ಪ್ರಶ್ನಿಸುತ್ತೇವೆಂಬ ಗೆರೆಯೇ ಹೊರತು, ಇಷ್ಟನ್ನೇ ಬರೆಯಿರಿ ಎಂಬ ಅಪ್ಪಣೆಯಲ್ಲ. ನಗದಿನ ವಿಷಯದಲ್ಲಂತೂ ಸಂದೇಹಕ್ಕೆ ಎಡೆಯೇ ಇಲ್ಲ: ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಮೊತ್ತವನ್ನು ನಗದಾಗಿ ಪಡೆಯುವುದು 2015ರ ಜೂನ್ 1ರಿಂದ ನಿಷಿದ್ಧವಾಗಿದ್ದು, ಪಡೆದಷ್ಟೇ ಮೊತ್ತದ ದಂಡಕ್ಕೆ ಅವಕಾಶವಿದೆ. ರಾಜ್ಯದ ನಿಯಮವನ್ನು ಮೀರಿ ವ್ಯವಹರಿಸುವುದನ್ನು ಸೂತ್ರಕಾರರು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಅದನ್ನು ಸತ್ಯದ ಕಡೆಗೆ ಸೇರಿಸದೆ ಕಳ್ಳತನದ ಕಡೆಗೆ ಸೇರಿಸಿದ್ದನ್ನು ಗಮನಿಸಬೇಕು.

ಕರಾರಿನ ವ್ಯಾಪಾರವೊಂದು ಇದೆ. ಅದರ ಬಗ್ಗೆ ಎರಡೇ ಮಾತು. ಹತ್ತರಲ್ಲಿ ಒಂದು ಪಾಲು ಮುಂಗಡ ಕೊಟ್ಟು, 'ಮಗಳ ಮದುವೆಯಿದೆ, ಆರು ತಿಂಗಳು ಸಮಯ ಕೊಡಿ' ಎಂದು ಬೇಡಿ, ಆ ಆರು ತಿಂಗಳಲ್ಲಿ ಮತ್ತೊಬ್ಬನಿಗೆ ಹೆಚ್ಚಿನ ಬೆಲೆಗೆ ದಾಟಿಸಿ, ಮಾರಿದವನಿಂದ ನೇರವಾಗಿ ಆ ಮೂರನೆಯವನ ಹೆಸರಿಗೆ ಕ್ರಯಪತ್ರ ಮಾಡಿಸುವುದು. ಹಕ್ಕನ್ನು ವರ್ಗಾಯಿಸಬಹುದೆಂಬ ಮಾತು ಮೊದಲೇ ಕರಾರಿನಲ್ಲಿದ್ದು, ಇಬ್ಬರಿಗೂ ತಿಳಿದಿದ್ದರೆ ಅದು ವ್ಯಾಪಾರ. ಇಲ್ಲದ ಮಗಳ ಮದುವೆಯನ್ನು ಮುಂದಿಟ್ಟು ಪಡೆದ ಗಡುವು ಬೇರೆ ಜಾತಿಯದು. ಇನ್ನು ಕೆಲವರು ಕ್ರಯಪತ್ರದ ಖರ್ಚನ್ನೇ ತಪ್ಪಿಸಲು ಅಧಿಕಾರಪತ್ರದ ಮೇಲೆ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಅದರಿಂದ ಒಡೆತನ ಬರುವುದಿಲ್ಲವೆಂದು 2011ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದ ಮೇಲೂ, ಈ ಅಭ್ಯಾಸ ನಮ್ಮವರಲ್ಲಿ ಪೂರ್ತಿ ಅಳಿದಿಲ್ಲವೆಂಬುದು ವಿಷಾದದ ಸಂಗತಿ.

ಮನೆಯೊಳಗಿನ ಮೂರನೆಯವರ ವಿಷಯಕ್ಕೆ ಬರೋಣ. ಅವರು ನಮ್ಮ ಸಹೋದರಿಯರು.

ಊರಿನ ಹಿತ್ತಲು, ತೋಟ, ಪೇಟೆಯ ನಿವೇಶನಗಳನ್ನು ಜಂಟಿ ಅಭಿವೃದ್ಧಿಗೆ ಕೊಡುವ ಭರಾಟೆ ಈಗ ಎಲ್ಲ ಕಡೆಯೂ ಇದೆ. ಅಣ್ಣತಮ್ಮಂದಿರು ಕಟ್ಟಡದ ಗುತ್ತಿಗೆದಾರನೊಂದಿಗೆ ಎಂಟು ತಿಂಗಳು ಮಾತುಕತೆ ನಡೆಸುತ್ತಾರೆ: ಎಷ್ಟು ಮನೆ ನಮಗೆ, ಎಷ್ಟು ಅವನಿಗೆ, ಮೂಲೆಯ ಮನೆ ಯಾರಿಗೆ, ವಾಹನ ನಿಲುಗಡೆಯ ಜಾಗ ಎಷ್ಟು! ವಕೀಲರು ಕರಡನ್ನು ನಾಲ್ಕು ಸಲ ತಿದ್ದುತ್ತಾರೆ. ಕೊನೆಗೆ ಆತ, 'ಹೆಣ್ಣುಮಕ್ಕಳ ರುಜು ಬೇಕು' ಎನ್ನುತ್ತಾನೆ. ಆಗ ಹಬ್ಬಕ್ಕೆಂದು ಅಕ್ಕತಂಗಿಯರಿಗೆ ಕರೆ ಹೋಗುತ್ತದೆ. ಊಟ, ಸೀರೆ, ಅರಿಶಿನ ಕುಂಕುಮ; ಮರುದಿನ ಬೆಳಿಗ್ಗೆ ಕಾರಿನಲ್ಲಿ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು. ಹೊರಗಿನವನೊಂದಿಗೆ ಎಂಟು ತಿಂಗಳು, ಒಡಹುಟ್ಟಿದವಳೊಂದಿಗೆ ಒಂದು ಊಟದ ಹೊತ್ತು! 'ಅವಳು ಸಂತೋಷದಿಂದ ರುಜು ಮಾಡಿದಳು' ಎಂದು ನಾವು ಹೇಳಿಕೊಳ್ಳುತ್ತೇವೆ. ರುಜು ಮಾಡದಿದ್ದರೆ ಮುಂದಿನ ಹಬ್ಬಕ್ಕೆ ಕರೆ ಬರುವುದಿಲ್ಲವೆಂಬುದನ್ನು ಆಕೆ ಬಲ್ಲಳು. ಆ ಭಯಕ್ಕೆ ಸಂತೋಷವೆಂದು ಹೆಸರಿಟ್ಟವರು ನಾವು.

ಹಿಂದೂ ಉತ್ತರಾಧಿಕಾರ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಪಾಲನ್ನು ಕರ್ನಾಟಕ 1994ರಲ್ಲಿಯೇ ಕೊಟ್ಟಿತ್ತು, ಆಗ ಮದುವೆಯಾಗಿದ್ದವರನ್ನು ಬಿಟ್ಟು; 2005ರಲ್ಲಿ ದೇಶಕ್ಕೆಲ್ಲ ಆ ಹಕ್ಕು ಬಂದಿತು, ಮದುವೆಯಾದವರಿಗೂ ಸೇರಿ; 2005ರ ವೇಳೆಗೆ ತಂದೆ ಬದುಕಿರಲೇಬೇಕೆಂಬ ವಾದವನ್ನು 2020ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತು. ಹೀಗೆ ದೇಶದ ಕಾನೂನು ಮೂರು ಹೆಜ್ಜೆಗಳಲ್ಲಿ ಬಂದ ದಾರಿಯನ್ನು ತುಳುನಾಡಿನ ಜೈನ ಕುಟುಂಬಗಳು ಎಂದೋ ನಡೆದಿದ್ದವು. ಅಲ್ಲಿಯ ಅಳಿಯಸಂತಾನ ಕಟ್ಟಿನಲ್ಲಿ ಕುಟುಂಬವೆಂಬುದೇ ತಾಯಿಯ ಕಡೆಯಿಂದ ಎಣಿಕೆಯಾಗುತ್ತಿತ್ತು. ಆಸ್ತಿ ಹರಿಯುತ್ತಿದ್ದುದು ಹೆಣ್ಣಿನ ಸಂತತಿಯಲ್ಲಿ. ಅಂಥ ಮನೆತನದಿಂದ ಬಂದವರೇ ಇಂದು ತಂಗಿಯ ಕೈಯಿಂದ ಬಿಡುಗಡೆ ಪತ್ರ ಬರೆಸಿಕೊಂಡು, ಇದು ನಮ್ಮ ಸಂಪ್ರದಾಯ ಎನ್ನುವುದನ್ನು ಕೇಳಿದಾಗ, ಯಾವ ಊರಿನ ಸಂಪ್ರದಾಯ ಎಂದು ಕೇಳಬೇಕೆನಿಸುತ್ತದೆ. ಆಕೆ ಬಿಟ್ಟುಕೊಡಲಿ, ಬೇಡವೆನ್ನುವುದಿಲ್ಲ. ಬಿಟ್ಟುಕೊಡುವ ಮುನ್ನ ತನ್ನ ಪಾಲು ಎಷ್ಟು ಲಕ್ಷದ್ದೆಂದು ಆಕೆಗೆ ಬರಹದಲ್ಲಿ ತಿಳಿದಿರಲಿ, ಆಕೆಯದೇ ಆದ ವಕೀಲರೊಬ್ಬರು ಕಾಗದವನ್ನು ಓದಿ ಹೇಳಿರಲಿ.

ಇಷ್ಟು ಬರೆದ ಮೇಲೆ ನನ್ನ ಮಾತನ್ನು ಹೇಳದಿದ್ದರೆ ಈ ಲೇಖನವೂ ಒಂದು ಕೂಟಲೇಖವಾದೀತು.

2011ರಲ್ಲಿ ನಾನು ಒಂದು ಬಸದಿಯ ಆಡಳಿತ ಸಮಿತಿಯ ಕಾರ್ಯದರ್ಶಿಯಾಗಿದ್ದೆ. ಊರಿನ ಹೆಸರು ಬೇಡ. ಬಸದಿಯ ಪಕ್ಕದಲ್ಲಿ 9 ಗುಂಟೆ ಜಾಗವೂ ಒಂದು ಹಳೆಯ ಹೆಂಚಿನ ಮನೆಯೂ ಇದ್ದವು. ಒಡತಿ ಒಬ್ಬ ವೃದ್ಧೆ, ಗಂಡ ತೀರಿಕೊಂಡಿದ್ದರು. ಯಾತ್ರಿಕರಿಗೆ ತಂಗುದಾಣ ಕಟ್ಟಲು ಅದು ನಮಗೆ ಬೇಕಾಗಿತ್ತು. ಆಕೆ ಹೇಳಿದ ಬೆಲೆ 27 ಲಕ್ಷ. ನಾವು ಮೂವರು ಹಣ್ಣು ಕಾಯಿಗಳ ತಟ್ಟೆ ಹಿಡಿದು ಮೂರು ಸಂಜೆ ಹೋದೆವು. "ದೇವರ ಕೆಲಸ ಅಮ್ಮಾ, ನೀವೇ ಹೀಗೆಂದರೆ ಹೇಗೆ? ನಿಮ್ಮ ಯಜಮಾನರ ಹೆಸರಿನಲ್ಲಿ ಅಮೃತಶಿಲೆಯ ಫಲಕ ಹಾಕಿಸುತ್ತೇವೆ" ಎಂದೆವು. ಆ ಮಾತನ್ನು ಆಡಿದವನು ನಾನೇ. ಮೊಮ್ಮಗನ ಕಾಲೇಜಿನ ಶುಲ್ಕಕ್ಕೆ ಜೂನ್ ತಿಂಗಳಲ್ಲಿ ಆಕೆಗೆ ಹಣ ಬೇಕಾಗಿದೆಯೆಂಬುದು ದಿನಸಿ ಅಂಗಡಿಯವರಿಂದ ನಮಗೆ ತಿಳಿದಿತ್ತು. "ಮೇ ಕೊನೆಯವರೆಗೆ ಆ ಕಡೆ ತಲೆ ಹಾಕುವುದು ಬೇಡ" ಎಂದು ಸಮಿತಿಯ ಹಿರಿಯರೊಬ್ಬರು ಸೂಚಿಸಿದರು. ನಾವು ತಲೆ ಹಾಕಲಿಲ್ಲ. ಇನ್ನೊಂದು ಸಂಗತಿಯೂ ನಮಗೆ ಗೊತ್ತಿತ್ತು: ಮುಂದಿನ ರಸ್ತೆ ಅಗಲವಾಗಲಿದೆ, ನಕ್ಷೆ ಸಿದ್ಧವಾಗಿದೆ. ಆಕೆಗೆ ಅದು ಗೊತ್ತಿರಲಿಲ್ಲ. ಜೂನ್ ಮೊದಲ ವಾರ 19 ಲಕ್ಷಕ್ಕೆ ಮಾತು ಮುಗಿಯಿತು. "ನೀವು ದೇವರ ಮನೆಯವರು, ನಿಮ್ಮಲ್ಲಿ ಹೆಚ್ಚು ಕೇಳಲಾರೆ" ಎಂದರು ಆ ತಾಯಿ.

ಪೂರ್ಣ ಹಣವನ್ನು ಚೆಕ್ಕಿನಲ್ಲಿಯೇ ಕೊಟ್ಟೆವು, ಪೂರ್ಣ ಬೆಲೆಯನ್ನೇ ಬರೆಸಿದೆವು. ಆ ಕುರಿತು ನನಗೆ ಬಹಳ ಹೆಮ್ಮೆಯಿತ್ತು. 1882ರ ಸ್ವತ್ತು ವರ್ಗಾವಣೆ ಕಾಯಿದೆಯು ಮಾರುವವನು ಮರೆಯಲ್ಲಿರುವ ದೋಷವನ್ನು ಹೇಳಬೇಕೆನ್ನುತ್ತದೆ. ಮಾರುವವನಿಗೆ ತನ್ನ ಹಕ್ಕಿನ ಬಗ್ಗೆ ತಿಳಿಯದೆ ಕೊಳ್ಳುವವನಿಗೆ ತಿಳಿದಿರುವ, ಬೆಲೆಯನ್ನು ಏರಿಸುವ ಸಂಗತಿಯಿದ್ದರೆ ಅದನ್ನು ಕೊಳ್ಳುವವನೂ ಹೇಳಬೇಕೆನ್ನುತ್ತದೆ. ರಸ್ತೆಯ ಸುದ್ದಿ ಆಕೆಯ ಹಕ್ಕಿಗೆ ಸಂಬಂಧಿಸಿದ್ದಲ್ಲ. ಆದ್ದರಿಂದ ಕಾನೂನಿನ ಕಣ್ಣಲ್ಲಿ ನಾವು ನಿರ್ದೋಷಿಗಳು. ತಂಗುದಾಣ ಏಳಲಿಲ್ಲ. 2014ರಲ್ಲಿ ರಸ್ತೆ ಅಗಲವಾಯಿತು, ಆ ಜಾಗದಲ್ಲಿ ಆರು ಅಂಗಡಿಗಳು ಎದ್ದವು, ಬಾಡಿಗೆ ಬರುತ್ತಿದೆ. ಫಲಕವನ್ನು ಯಾರೂ ಹಾಕಿಸಲಿಲ್ಲ. ಆಕೆ ಮಗಳ ಮನೆಗೆ ಹೋಗಿ, 2019ರಲ್ಲಿ ತೀರಿಕೊಂಡರು. ಸಮಿತಿಯ ನಡಾವಳಿ ಪುಸ್ತಕದಲ್ಲಿ ನನ್ನ ಕೈಬರಹದಲ್ಲಿಯೇ 'ಸೌಹಾರ್ದಯುತ ಮಾತುಕತೆಯ ಮೂಲಕ ಕ್ರಯ ನಿಶ್ಚಯಿಸಲಾಯಿತು' ಎಂಬ ವಾಕ್ಯವಿದೆ.

ಆದ್ದರಿಂದ ಟ್ರಸ್ಟುಗಳ ಪದಾಧಿಕಾರಿಗಳಿಗೆ ನಾನು ಹೇಳುವುದು ಹೊರಗಿನವನ ಉಪದೇಶವಲ್ಲ. ಕೊಳ್ಳುವಾಗ ದೇವರ ಹೆಸರನ್ನು ಚೌಕಾಸಿಗೆ ತರಬೇಡಿ. ಬೆಲೆಯನ್ನು ಬೆಲೆಯಾಗಿ ಕೊಡಿ. ಯಾರಾದರೂ ದಾನ ಕೊಡುವುದಾದರೆ ಪೂರ್ಣ ಬೆಲೆ ಕೈಸೇರಿದ ಮೇಲೆ ಕೊಡಲಿ, ಅದಕ್ಕೆ ಬೇರೆ ರಸೀದಿ ಇರಲಿ. ಇನ್ನೊಂದು ಮಾತು ಕಹಿಯೆನಿಸಬಹುದು. ನಿವೇಶನ ಮಾರಿದವನ ಕೈಯಲ್ಲಿ ಉಳಿದ ನಗದು ಎಲ್ಲಿಗೆ ಹೋಗುತ್ತದೆಂದು ನಾವೆಲ್ಲ ಬಲ್ಲೆವು. ಅದರ ಒಂದು ಪಾಲು ಜೀರ್ಣೋದ್ಧಾರಕ್ಕೆ, ಪಂಚಕಲ್ಯಾಣಕ್ಕೆ ಗುಪ್ತದಾನವಾಗಿ ಬರುತ್ತದೆ. ಗುಪ್ತದಾನದಲ್ಲಿ ಗುಪ್ತವಾಗಿರಬೇಕಾದದ್ದು ದಾತೃವಿನ ಹೆಸರು, ಹಣದ ಮೂಲವಲ್ಲ. ನ್ಯಾಯದಿಂದ ಗಳಿಸಿದ ಧನವನ್ನು ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಲಕ್ಷಣಗಳ ಮೊದಲಿಗೇ ಇಟ್ಟಿದ್ದಾರೆ. ಕೇಳದೆ ತೆಗೆದುಕೊಳ್ಳುವ ಟ್ರಸ್ಟು ಆ ಮೊದಲ ಲಕ್ಷಣವನ್ನೇ ಅಳಿಸಿಹಾಕುತ್ತದೆ.

'ಹಾಗಾದರೆ ಈ ಕಾಲದಲ್ಲಿ ಜಾಗವನ್ನೇ ಕೊಳ್ಳಲಾಗದು. ಪೂರ್ಣ ಚೆಕ್ಕಿಗೆ ಮಾರುವವರು ಯಾರಿದ್ದಾರೆ?' ಎಂಬ ಪ್ರಶ್ನೆ ಬಂದೇ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಬಾಡಿಗೆ ಮನೆಯಲ್ಲಿ ಇಪ್ಪತ್ತು ವರ್ಷ ಕಳೆದು ಮಕ್ಕಳಿಗೊಂದು ಸೂರು ಮಾಡಹೊರಟವನಿಗೆ ನಾನು ಕಲ್ಲು ಹೊಡೆಯುವುದಿಲ್ಲ. ಆದರೆ ಆತನಿಗೂ ಮಾತುಕತೆಗೆ ದಾರಿಯಿದೆ. ಪೂರ್ಣ ಬೆಲೆ ಬರೆಸಿದರೆ ಮಾರುವವನಿಗೆ ತಗಲುವ ತೆರಿಗೆ ಎಷ್ಟೆಂದು ಲೆಕ್ಕಿಗರಿಂದ ಲೆಕ್ಕ ಮಾಡಿಸಿ, ಅದನ್ನೇ ಜಮಖಾನೆಯ ಮೇಲಿಟ್ಟು ಚೌಕಾಸಿ ಮಾಡಲಿ. ಅದರಲ್ಲೊಂದು ಪಾಲನ್ನು ಬೆಲೆಗೆ ಸೇರಿಸಿ ಬಹಿರಂಗವಾಗಿ ಕೊಡಲಿ. ಮಾರಿದ ಹಣವನ್ನು ಮತ್ತೊಂದು ವಾಸದ ಮನೆಗೆ ಹಾಕುವವರಿಗೆ ಕಾನೂನೇ ವಿನಾಯಿತಿ ಕೊಟ್ಟಿದೆಯೆಂಬುದು ಮಾರುವವರಲ್ಲಿ ಅನೇಕರಿಗೆ ತಿಳಿಯದು. ಅದನ್ನು ತಿಳಿಸಿದರೆ ಅರ್ಧ ಜಗಳ ಅಲ್ಲಿಯೇ ಮುಗಿಯುತ್ತದೆ. ಪೂರ್ಣ ಬೆಲೆ ಬರೆಸಿದ ಕ್ರಯಪತ್ರದ ಮೇಲೆ ಬ್ಯಾಂಕಿನ ಸಾಲವೂ ಹೆಚ್ಚು ದೊರೆಯುತ್ತದೆ. ಇಷ್ಟಾದರೂ ಒಪ್ಪದವನ ಜಾಗವನ್ನು ಬಿಟ್ಟು ಬೇರೆಯದನ್ನು ಹುಡುಕಬೇಕಾಗಬಹುದು. ಒಂದು ಬಡಾವಣೆ ಆಚೆಗೆ ಹೋಗಬೇಕಾಗಬಹುದು. ಮೂರನೆಯ ನಿವೇಶನವನ್ನು, ನಾಲ್ಕನೆಯ ಫ್ಲಾಟನ್ನು ಹೂಡಿಕೆಗೆಂದು ಕೊಳ್ಳುವವರಿಗೆ ಮಾತ್ರ ಈ ಅನುಕಂಪವನ್ನು ನಾನು ತೋರಲಾರೆ. ಪರಿಗ್ರಹ ಪರಿಮಾಣದ ಅತಿಚಾರಗಳನ್ನು ಹೇಳುವಾಗ ಸೂತ್ರಕಾರರು ಮೊದಲು ಎತ್ತಿಕೊಂಡದ್ದು ಕ್ಷೇತ್ರ ಮತ್ತು ವಾಸ್ತು, ಅಂದರೆ ಹೊಲ ಮತ್ತು ಮನೆ. ಚಿನ್ನ ಅದರ ನಂತರ ಬಂದಿದೆ.

ಕಳೆದ ತಿಂಗಳು ನಾನು ಆ ಬಸದಿಯ ಸಮಿತಿಗೆ ಒಂದು ಪತ್ರ ಬರೆದೆ. ಆಕೆ ಕೇಳಿದ ಬೆಲೆಗೂ ನಾವು ಕೊಟ್ಟ ಬೆಲೆಗೂ ನಡುವೆ ಇದ್ದ 8 ಲಕ್ಷವನ್ನು ಅಂಗಡಿಗಳ ಬಾಡಿಗೆಯಿಂದ ಆಕೆಯ ಮಗಳಿಗೆ ಸಲ್ಲಿಸಬೇಕು, ಫಲಕವನ್ನು ಹಾಕಿಸಬೇಕು, ನಡಾವಳಿಯ ನನ್ನ ವಾಕ್ಯಕ್ಕೆ ತಿದ್ದುಪಡಿ ಮಾಡಬೇಕು ಎಂಬುದು ಪತ್ರದ ಸಾರ. ಈಗಿನ ಅಧ್ಯಕ್ಷರು ಸಜ್ಜನರು. ಎರಡು ದಿನಗಳಲ್ಲೇ ದೂರವಾಣಿಯಲ್ಲಿ ಮಾತನಾಡಿದರು. "ತಾವು ಹಿರಿಯರು, ಒಂದು ಹೊಂದಾಣಿಕೆಗೆ ಬರೋಣ. ಫಲಕ ಹಾಕಿಸುತ್ತೇವೆ, ಹಣದ ವಿಷಯ ಬಿಡಿ" ಎಂದರು. ನಾನು ಒಪ್ಪಲಿಲ್ಲ. ವಿಷಯವು ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಏಳನೆಯದಾಗಿದೆ.